ಸಂದರ್ಶನದ ಹೊರಗೆ ಕುಳಿತವನು

"ಇದು ನೌಕರಿಗೆ ಕೊಡೋ ಬಯೋಡೇಟಾ ಏನ್ರಿ, ಇಲ್ಲಾ ಗಂಡಿನ ಕಡ್ಯಾರಿಗೆ ಕಳಿಸೋದು?"

ಸಂಜೀವ ಹೀಗೆ ಕೇಳಿದ್ದೇ ತಡ, ದುರುಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನ ಕಾವಿಗೆ ರಾಯಚೂರಿನ ಬಿಸಿಲೇ ಓಡಿಹೋಗಿ ಬೇವಿನ ಮರದಡಿ ನಿಂತಿತು ಅಂದರೆ ನೀವು ನಂಬಲೇಬೇಕು!

ತಪ್ಪು ಅವಳದೇ. ದೇವದುರ್ಗದ ಝೆರಾಕ್ಸ್ ಅಂಗಡಿಯವನು ಲಗ್ನದ ಬಯೋಡೇಟಾ ನಮೂನೆಯಲ್ಲೇ ಅವಳ ಹೆಸರು ತುಂಬಿ ಕೊಟ್ಟಿದ್ದ. ಅವಸರದಲ್ಲಿ ಅವಳೂ ನೋಡಿರಲಿಲ್ಲ. ರಾಶಿ, ನಕ್ಷತ್ರ, ಮೈಬಣ್ಣ... ಕಟ್ಟಕಡೆಗೆ ಒಂದೇ ಸಾಲು, ಹತ್ತಿಯ ಕಾಯಿಕೊರಕ ಹುಳದ ಮೇಲೆ ಐದು ವರ್ಷದ ಸಂಶೋಧನೆ!

ಹೊಸ ಸಂಶೋಧಕರಿಗೆ ದಾರಿ ತೋರಿಸಲು ಹಿರಿಯರು ಕಟ್ಟಿಕೊಂಡ ಬಳಗದ ಸಭೆ ಅದು. ಒಬ್ಬ ಕಿರಿಯರಿಗೆ ಒಬ್ಬ ಹಿರಿಯರು. ಚೀಟಿ ಎತ್ತಿದಾಗ ದುರುಗಮ್ಮನ ಪಾಲಿಗೆ ಬಂದವನು ಸಂಜೀವ, ಮಾನ್ವಿ ಹತ್ತಿರದ ಹತ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿ.

"ನಗಬ್ಯಾಡ್ರಿ. ನಮ್ಮ ಮನ್ಯಾಗ ಇಂಥಾ ಕಾಗದ ಬರದವ್ರು ಯಾರೂ ಇಲ್ಲ. ಅವ್ವ ಇನ್ನೂ ಕೂಲಿಗೆ ಹತ್ತಿ ಬಿಡಸ್ತಾಳ."

ಅವನ ನಗು ನಿಂತಿತು. "ನೀವೂ ಬಿಡಿಸೀರೇನು?"

"ಹದಿನೆಂಟು ವರ್ಷದತನಕ."

"ಮತ್ತ ಅದನ್ನ ಬರೀರಲ್ಲ! ಯಾವ ಕಾಯಾಗ ಹುಳ ಅದ ಅಂತ ಬರೇ ಕೈಲೆ ಮುಟ್ಟಿ ಹೇಳೋ ವಿಜ್ಞಾನಿ ಎಷ್ಟ್ ಮಂದಿ ಅದಾರ?"

ಅವಳು ಪೆನ್ನು ತೆಗೆದು ರಾಶಿ, ನಕ್ಷತ್ರದ ಮೇಲೆ ಗೀಟು ಎಳೆದಳು...

ಆದರೆ ಬದುಕು ಇನ್ನೂ ಬೋನಿನಲ್ಲೇ ಇತ್ತು. ಶಿಷ್ಯವೇತನ ನಿಂತು ಏಳು ತಿಂಗಳು. ಗೈಡ್ ಮಲ್ಲಿಕಾ ಮೇಡಂ, "ಇನ್ನೊಂದು ಹಂಗಾಮು ಹುಳ ಎಣಿಸು" ಎನ್ನುತ್ತ ಶಿಫಾರಸು ಪತ್ರವನ್ನೇ ಕೊಡುತ್ತಿರಲಿಲ್ಲ. ಬಿಟ್ಟುಹೋದರೆ ಐದು ವರ್ಷ ಮಣ್ಣುಪಾಲು. ಇದ್ದರೆ ಹೊರಬೀಳುವ ಬಾಗಿಲೇ ಇಲ್ಲ! ಸಂಜೀವನ ಕೇಂದ್ರದಲ್ಲಿ ಒಂದು ಹುದ್ದೆ ಖಾಲಿ ಇತ್ತು. ಅದು ಸಿಕ್ಕರೆ ಉಳಿದ ಎಣಿಕೆಯನ್ನೂ ಅಲ್ಲೇ ಮುಗಿಸಬಹುದಿತ್ತು. ಅದೊಂದೇ ಕಿಂಡಿ.

ಮೂರು ತಿಂಗಳು ದಿನಾ ಸಂಜೆ ಫೋನು. ಪ್ರಶ್ನೆ, ಉತ್ತರ, ನಡುನಡುವೆ ನಗು. ಹುಳ ಎಣಿಸಲು ಹೋಗುತ್ತಿದ್ದ ಕಲ್ಲೂರಿನ ಹೊಲದಲ್ಲಿ ಅವಳು ಅವನ ಹೆಸರು ಗುನುಗಿದರೆ ಹುಳಗಳೂ ನಾಚಿ ಕಾಯೊಳಗೆ ಸೇರಿಕೊಳ್ಳುತ್ತಿದ್ದವು!

ಸಂದರ್ಶನಕ್ಕೆ ಹದಿನೈದು ದಿನ ಇರುವಾಗ ಫೋನಿನಲ್ಲಿ ಬೇರೆ ದನಿ.

"ನಾನು ಯಾಸ್ಮೀನ್ ರೀ, ಬಳಗದಾಕಿ. ಇನ್ಮ್ಯಾಲ ನಿಮಗ ನಾನ ಹೇಳಿಕೊಡ್ತೀನಿ. ಶಿಫಾರಸು ಪತ್ರಾನೂ ನಾನ ಬರೀತೀನಿ. ಸಂಜೀವ ಬಿಟ್ಟಾರ."

"ಯಾಕ್ರಿ ಅಕ್ಕಾ?"

"ಸಂದರ್ಶನ ಮುಗೀಲಿ. ಅವರನ್ನ ಕೇಳ್ರಿ."

ದುರುಗಮ್ಮ ಅವನಿಗೆ ಹನ್ನೊಂದು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ‘ನಾನು ಅಷ್ಟು ಭಾರವಾದೆನಾ? ಇನ್ನೊಬ್ಬರ ತಲೆಗೆ ದಾಟಿಸಿಬಿಟ್ಟನಲ್ಲ...’

ಸಂದರ್ಶನದ ದಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಕುಳಿತಿದ್ದ. ತಲೆಯೆತ್ತಿ ನೋಡಲೂ ಇಲ್ಲ! ಅದೇ ಸಿಟ್ಟಿನಲ್ಲಿ ಅವಳು ಒಳಗೆ ಹೋದಳು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು.

ಸಂಜೆ ಪಟ್ಟಿ ಅಂಟಿಸಿದರು. ಮೊದಲ ಹೆಸರೇ ಅವಳದು!

ಕೇಂದ್ರದ ಜವಾನ ಜಿಲಾನಿ ಪಾಷಾ ಓಡಿಬಂದ. "ಮುಬಾರಕ್ ರೀ ಮೇಡಂ! ಪೇಡೆ ನೀವೂ ಕೊಡಸಬೇಕು, ಸಂಜೀವ ಸರೂ ಕೊಡಸಬೇಕು. ನಿಮ್ಮ ದೆಸಿಯಿಂದ ಪಾಪ ಮುಂಜಾನಿಂದ ಹೊರಗ ಕುಂತಾರ."

"ನನ್ನ ದೆಸಿಯಿಂದ?"

"ಅವರೂ ಸಂದರ್ಶನ ಮಾಡೋರೊಳಗ ಒಬ್ರಿದ್ರು. ಅರ್ಜಿ ಹಾಕಿದವ್ರಾಗ ಬೇಕಾದವ್ರು ಯಾರರ ಅದಾರೇನು ಅಂತ ಹದಿನೈದು ದಿನದ ಹಿಂದ ಒಂದು ಫಾರಂ ಕೊಟ್ಟಿದ್ರು. ಸರ್ ನಿಮ್ಮ ಹೆಸರಿನ ಮುಂದ ‘ಹೌದು’ ಅಂತ ಬರದು ತಾವ ಹೊರಗ ಬಂದ್ರು!"

ದುರುಗಮ್ಮನ ಕಣ್ಣು ತುಂಬಿದವು. ಬೆಂಚಿನ ಮುಂದೆ ಹೋಗಿ ನಿಂತಳು.

"ಒಂದು ಮಾತು ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ? ಹದಿನೈದು ದಿನ ಉಸುರು ಕಟ್ಟಿ ಸತ್ತೀನಿ!"

"ಮಾತಾಡಿದ್ರ ನಾಳೆ ಮಂದಿ ‘ಸಂಜೀವ ಕೊಡಿಸಿದ ನೌಕರಿ’ ಅಂತಿದ್ರು. ಇದು ನಿಮ್ಮದ ಆಗಬೇಕಿತ್ತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಫಾರಂನ್ಯಾಗ... ಏನ್ ಸಂಬಂಧ ಅಂತ ಬರದೀರಿ?"

"ಅದೊಂದು ಖಾಲಿ ಬಿಟ್ಟೀನಿ."

"ಯಾಕ?"

"ನಿನ್ನ ಕೇಳದ ಹೆಂಗ ಬರೀಲಿ, ದುರುಗಾ?"

ಅವಳು ನೆಲ ನೋಡಿದಳು... ಮೆಲ್ಲಗೆ ನಕ್ಕಳು. "ನಮ್ಮವ್ವನ ಮುಂದ ಬಂದು ಕೇಳ್ರಿ. ಹೇಳ್ತೀನಿ."

"ನಾಳೆ ಬರ್ಲೇನು?"

"ನಾಳಿತನಕ ತಡೀತೀರಾ?"

"ಇಲ್ಲ."

"ನಮ್ಮೂರಿಗೆ ಹೋಗೋ ದೇವದುರ್ಗದ ಬಸ್ಸು ಇನ್ನೂ ಹೋಗಿಲ್ಲ. ಏಳ್ರಿ ಮತ್ತ!"