ಅಳಿಸಿದ ವಿಳಾಸ

೨೦೦೪ರ ಆಗಸ್ಟ್ ೧೦, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ನುಂಗಂಬಾಕ್ಕಂ ಠಾಣೆಗೆ ಬಂದ ಚನ್ನವೀರಪ್ಪ ದೂರನ್ನು ಕನ್ನಡದಲ್ಲಿ ಬರೆದು ತಂದಿದ್ದರು. ದಾವಣಗೆರೆಯಿಂದ ಬಂದು ಚೆನ್ನೈನಲ್ಲಿ ಇಪ್ಪತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದರೂ ಅವರಿಗೆ ತಮಿಳು ಆಡಲಷ್ಟೇ ಬರುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಮಾಸಿಲಾಮಣಿ ಹಾಳೆಯನ್ನು ತಿರುಗಾಮುರುಗಾ ಮಾಡಿ ನೋಡಿ ಇನ್‌ಸ್ಪೆಕ್ಟರ್ ತಿರುಮಲೇಶರ ಮೇಜಿಗೆ ಒಯ್ದ. ತಿರುಮಲೇಶ್ ಹೊಸೂರಿನವರು, ಹತ್ತನೆಯ ತರಗತಿಯವರೆಗೆ ಕನ್ನಡ ಓದಿದವರು.

ಚನ್ನವೀರಪ್ಪನವರ ಮಗಳು ಶರಣ್ಯಾ, ಇಪ್ಪತ್ತಾರು ವರ್ಷ. ಹಿಂದಿನ ದಿನ ಮಧ್ಯಾಹ್ನ ಒಂದು ಐವತ್ತಕ್ಕೆ ಅದೇ ಬಡಾವಣೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೆಣ್ಣು ಮಗು ಹೆತ್ತಿದ್ದಳು. ಮೂರು ಗಂಟೆ ಐದು ನಿಮಿಷಕ್ಕೆ ರಕ್ತಸ್ರಾವದಿಂದ ತೀರಿಕೊಂಡಿದ್ದಳು.

"ರಕ್ತ ಇರಲಿಲ್ವಾ?" ತಿರುಮಲೇಶ್ ಕೇಳಿದರು.

"ಇತ್ರೀ. ಹಿಂದಿನ ದಿನಾನೇ ಎರಡು ಚೀಲ ತೆಗೆದಿಟ್ಟಿದ್ರು. ಅದು ಫ್ರಿಜ್‌ನಾಗೇ ಐತಿ, ಈಕಿ ಇಲ್ಲಿ ಹೋಗ್ಯಾಳ."

"ಯಾಕೆ ಕೊಡಲಿಲ್ಲ?"

"ಕಂಪ್ಯೂಟರ್ ಕೆಟ್ಟೈತಿ ಅಂದ್ರು."

ಸಂಶಯಾಸ್ಪದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು.

ಆಸ್ಪತ್ರೆಯ ಮ್ಯಾನೇಜರ್ ಪ್ರತಾಪ್ ಎರಡು ಗಂಟೆಗೆ ಹೇಳಿಕೆ ಕೊಟ್ಟ. ಸೋಮವಾರ ಎರಡು ಹತ್ತಕ್ಕೆ ಯುಪಿಎಸ್ ಕಂಪನಿಯವರು ಬ್ಯಾಟರಿ ಬದಲಾಯಿಸಲು ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದರು. ಎರಡು ಹದಿನಾಲ್ಕಕ್ಕೆ ಅದು ಓಡತೊಡಗಿತು. ಆದರೆ ವಾರ್ಡಿನ ಒಂದು ಪರದೆಗೂ ಸರ್ವರ್ ಸಿಗಲಿಲ್ಲ. ರಕ್ತದ ಚೀಲಗಳ ಮೇಲೆ ಇದ್ದದ್ದು ನಂಬರ್ ಮಾತ್ರ. ಯಾವ ನಂಬರ್ ಯಾವ ರೋಗಿಗೆ ಎಂಬುದು ಕಂಪ್ಯೂಟರಿನಲ್ಲಿತ್ತು. ತಪ್ಪು ಚೀಲ ಏರಿಸಲು ವೈದ್ಯರು ಒಪ್ಪಲಿಲ್ಲ. ಹೊಸದಾಗಿ ರಕ್ತ ಹೊಂದಿಸಿ ನೋಡಿ ತರುವಷ್ಟರಲ್ಲಿ ಮೂರು ಹತ್ತಾಗಿತ್ತು.

"ಟೆಕ್ನಿಕಲ್ ಫಾಲ್ಟ್ ಸಾರ್. ಯಾರ ತಪ್ಪೂ ಅಲ್ಲ," ಎಂದ ಪ್ರತಾಪ್.

"ಸರಿಪಡಿಸಿದ್ದು ಯಾರು?"

"ನಮ್ಮ ಸಿಸ್ಟಂ ಅಡ್ಮಿನ್ ಕೃಷ್ಣಪ್ರಸಾದ್. ಮೂರು ಇಪ್ಪತ್ತಕ್ಕೆ ಬಂದು ಐದು ನಿಮಿಷದಲ್ಲಿ ಮಾಡಿಕೊಟ್ಟ. ಅವನಿಲ್ಲದಿದ್ರೆ ಆಗ್ತಾನೇ ಇರ್ಲಿಲ್ಲ. ಏಪ್ರಿಲ್‌ನಿಂದ ಮೂರು ಸಲ ಹೀಗೇ ಆಗಿದೆ, ಮೂರು ಸಲವೂ ಅವನೇ."

ತಿರುಮಲೇಶ್ 'ಮೂರು ಸಲ' ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಬುಧವಾರ ಕಮಿಷನರ್ ಕಚೇರಿಯ ಸೈಬರ್ ವಿಭಾಗದಿಂದ ಮುರಳೀಧರ ಬಂದ. ಇಬ್ಬರು ಪಂಚಸಾಕ್ಷಿಗಳ ಎದುರು ಸರ್ವರನ್ನು ಮತ್ತೆ ನಿಲ್ಲಿಸಿ ಶುರು ಮಾಡಿದ. ವಾರ್ಡಿನವರು ಈ ಸಲ ಎಲ್ಲವನ್ನೂ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದರು. ನಾಲ್ಕು ನಿಮಿಷದ ನಂತರ ಪರದೆಯ ಮೇಲೆ ಕಂಡ ಸರ್ವರಿನ ನೆಟ್‌ವರ್ಕ್ ವಿಳಾಸದ ಕೊನೆಯ ಸಂಖ್ಯೆ ಹತ್ತು ಇರಬೇಕಿತ್ತು. ನೂರ ಮೂವತ್ತೇಳು ಇತ್ತು.

"ವಾರ್ಡಿನ ಕಂಪ್ಯೂಟರ್‌ಗಳೆಲ್ಲ ಹತ್ತನೇ ನಂಬರಿಗೇ ಹೋಗಿ ಕೇಳ್ತವೆ ಸಾರ್," ಎಂದ ಮುರಳೀಧರ. "ಅಲ್ಲಿ ಯಾರೂ ಇಲ್ಲ. ಸರ್ವರ್ ಬೇರೆ ನಂಬರ್ ತಗೊಂಡು ಕೂತಿದೆ."

"ಯಾಕೆ ತಗೊಂತು?"

"ಇದೇ ನಿನ್ನ ನಂಬರ್ ಅಂತ ಒಂದು ಫೈಲಿನಲ್ಲಿ ಬರೆದಿಡಬೇಕು. ಇಲ್ಲಿ ಬರೆದಿಲ್ಲ. ಪ್ರತಿ ಸಲ ಯಾರೋ ಕೈಯಲ್ಲಿ ಟೈಪ್ ಮಾಡಿ ಕೊಟ್ಟಿದಾರೆ. ಮಷೀನ್ ನಿಂತರೆ ಅದು ಅಳಿಸಿ ಹೋಗುತ್ತೆ."

ಕೃಷ್ಣಪ್ರಸಾದನನ್ನು ಅಲ್ಲಿಯೇ ಕರೆಸಿದರು. ಮಂಡ್ಯದವನು, ಮೂವತ್ತೆರಡು ವರ್ಷ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು.

"ಬರೆದಿಡೋದು ಮರ್ತುಬಿಟ್ಟೆ ಸಾರ್."

"ಮೂರು ಸಲವೂ?"

"ಕೆಲ್ಸ ಜಾಸ್ತಿ ಸಾರ್. ಮರ್ತೋಯ್ತು."

ಮುರಳೀಧರ ಬೀರುವಿನಲ್ಲಿದ್ದ ಬ್ಯಾಕಪ್ ಟೇಪುಗಳನ್ನು ಒಂದೊಂದಾಗಿ ಓದಿಸಿದ. ಮಾರ್ಚ್ ತಿಂಗಳ ಟೇಪಿನಲ್ಲಿ ನಂಬರ್ ಬರೆದ ಆ ಸಾಲು ಇತ್ತು. ಈಗಿನ ಫೈಲನ್ನು ಕೊನೆಯ ಸಲ ತಿದ್ದಿದ್ದು ಏಪ್ರಿಲ್ ೩, ಸಂಜೆ ಆರು ನಲವತ್ತಕ್ಕೆ, ಕೃಷ್ಣಪ್ರಸಾದನ ಮೇಜಿನ ಕಂಪ್ಯೂಟರಿನಿಂದ. ಮರೆತದ್ದಲ್ಲ, ಅಳಿಸಿದ್ದು. ಟೇಪು, ಸರ್ವರಿನ ಡಿಸ್ಕು ಸೀಲಾದವು. ಪಂಚನಾಮೆಗೆ ಸಹಿ ಬಿತ್ತು.

ಗುರುವಾರ ಸಂಜೆ ಮೊಬೈಲ್ ಕಂಪನಿಯಿಂದ ಕರೆಗಳ ಪಟ್ಟಿ ಬಂತು. ಸೋಮವಾರ ಎರಡು ಹದಿನೆಂಟರಿಂದ ಮೂರು ಹನ್ನೆರಡರವರೆಗೆ ಆಸ್ಪತ್ರೆಯಿಂದ ಕೃಷ್ಣಪ್ರಸಾದನಿಗೆ ಹನ್ನೊಂದು ಕರೆಗಳು. ಒಂದನ್ನೂ ಎತ್ತಿರಲಿಲ್ಲ. ಅಷ್ಟು ಹೊತ್ತೂ ಅವನ ಫೋನು ಆಸ್ಪತ್ರೆಯ ಸುತ್ತಲಿನ ಟವರಿನಲ್ಲೇ ಇತ್ತು. ಮಾಸಿಲಾಮಣಿ ಆಸ್ಪತ್ರೆಯ ಎದುರಿನ ಟೀ ಅಂಗಡಿಗೆ ಹೋಗಿ ವಿಚಾರಿಸಿ ಬಂದ. ಕೃಷ್ಣಪ್ರಸಾದ ಎರಡು ಟೀ ಕುಡಿದು ಬೆಂಚಿನ ಮೇಲೆ ಕೂತಿದ್ದನಂತೆ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತಪ್ಪಾ ಎಂದು ಅಂಗಡಿಯವನೇ ಹೇಳಿದ್ದನಂತೆ.

ಶುಕ್ರವಾರ ಸಂಜೆ ಆರಕ್ಕೆ ಅಣ್ಣಾ ನಗರದ ಕೃಷ್ಣಪ್ರಸಾದನ ಮನೆಗೆ ಹೋದಾಗ ಬಾಗಿಲು ತೆರೆದವಳು ಹೆಂಡತಿ ರಚನಾ. ಪೊಲೀಸರನ್ನು ಕಂಡು ಅವಳು ಗಂಡನ ಕಡೆ ತಿರುಗಿದಳು. ಅವನು ಆಗಲೇ ಎದ್ದು ನಿಂತಿದ್ದ.

"ಏನಾಯ್ತು ಅಂತ ಹೇಳ್ರೀ," ಎಂದಳು.

ತಿರುಮಲೇಶ್ ಹೇಳಿದರು. ಅವಳು ಒಳಗೆ ಹೋಗಿ ತಟ್ಟೆ ತಂದಿಟ್ಟಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಎರಡು ತುತ್ತು ಊಟ ಮಾಡ್ಕೊಂಡು ಬರಬಹುದಾ ಸಾರ್ ಅವ್ರು?" ಎಂದು ಕೇಳಿದಳು. ತಿರುಮಲೇಶ್ ಕುರ್ಚಿಯಲ್ಲಿ ಕಾದರು. ಕೃಷ್ಣಪ್ರಸಾದ ತಟ್ಟೆಯ ಮುಂದೆ ಕೂತ, ಅನ್ನ ಮುಟ್ಟದೆ ಎದ್ದ. ಆರು ನಲವತ್ತಕ್ಕೆ ಬಂಧನವೆಂದು ದಾಖಲಾಯಿತು.

ಠಾಣೆಗೆ ಬಂದ ಚನ್ನವೀರಪ್ಪ ಎರಡೇ ಮಾತು ಕೇಳಿದರು. "ನಮ್ಮ ಹುಡುಗಿ ಅವನಿಗೆ ಗೊತ್ತಿತ್ತೇನ್ರೀ?"

"ಇಲ್ಲ. ಹೆಸರೂ ಗೊತ್ತಿರಲಿಲ್ಲ."

"ಫೋನ್ ಎತ್ತಿದ್ರೆ?"

"ಐದು ನಿಮಿಷದ ಕೆಲಸ."

ಚನ್ನವೀರಪ್ಪ ಎದ್ದರು. ಮೊಮ್ಮಗಳಿಗೆ ಹಾಲಿನ ಪುಡಿ ಒಯ್ಯಬೇಕಿತ್ತು, ಹೊರಟುಹೋದರು.

ಕೃಷ್ಣಪ್ರಸಾದನ ಹೇಳಿಕೆ ಎರಡು ಪುಟಕ್ಕೆ ಮುಗಿಯಿತು. ಆರು ವರ್ಷ ಅವನು ಆ ಸರ್ವರನ್ನು ಒಂದು ದಿನವೂ ನಿಲ್ಲದಂತೆ ನೋಡಿಕೊಂಡಿದ್ದ. ನಿಲ್ಲದ್ದರಿಂದ ಯಾರಿಗೂ ಅವನು ಬೇಕಾಗಿರಲಿಲ್ಲ. ಮಾರ್ಚಿನ ಕೊನೆಯಲ್ಲಿ ಪ್ರತಾಪ್ ಎಲ್ಲರೆದುರು, ದಿನವಿಡೀ ನೀನು ಏನು ಮಾಡ್ತೀಯಾ, ನಿನ್ನ ಜಾಗಕ್ಕೆ ಆಳು ಯಾಕೆ ಬೇಕು, ಎಂದು ಕೇಳಿ ನಕ್ಕಿದ್ದ. ವಾರದೊಳಗೆ ಕೃಷ್ಣಪ್ರಸಾದ ಆ ಸಾಲನ್ನು ಅಳಿಸಿದ.

"ಟೀ ಅಂಗಡಿಯಲ್ಲಿ ಯಾಕೆ ಕೂತಿದ್ದೆ?"

"ಬೇಗ ಹೋದ್ರೆ ಬೆಲೆ ಇರಲ್ಲ ಸಾರ್. ಸ್ವಲ್ಪ ಹುಡುಕ್ಲಿ ಅಂತ."

"ಸರಿಮಾಡಿದ ಮೇಲೆ?"

"ಪ್ರತಾಪ್ ಸಾರ್ ಎಲ್ಲರ ಮುಂದೆ ಕೈ ಕುಲುಕಿದ್ರು. ಹೆಸರು ಹಿಡಿದು ಕರೆದ್ರು. ಲೇಡಿ ತೀರ್ಕೊಂಡಿದ್ದು ನಂಗಿನ್ನೂ ಗೊತ್ತಿರ್ಲಿಲ್ಲ. ಅವತ್ತು ಮನೆಗೆ ಹೋಗೋವಾಗ ಹೂವು ತಗೊಂಡೋದೆ ಸಾರ್. ತುಂಬಾ ಖುಷಿಯಾಗಿತ್ತು."

ತಿರುಮಲೇಶ್ ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು.