ಹದಿನೆಂಟು ಜನ ಕೇಳಿದ ಮುಖ

"ನಿಮ್ಮ ಊರಲ್ಲಿ ಎಲ್ಲರೂ ಬರೀ ನಿಂತೇ ಇರ್ತಾರಾ ಮೇಡಂ?"

ಅವನು ಅವಳ ಜೊತೆ ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಉದ್ದನೆಯ ಮೇಜಿನ ತುದಿಗೆ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಕಪ್ಪು ಮಾಡಿಟ್ಟಿದ್ದ. ಕಣ್ಣು ಕಾಣದವನಿಗೆ ಪರದೆಯಿಂದ ಆಗಬೇಕಾದ್ದೇನು? ಬ್ಯಾಟರಿಯಾದರೂ ಉಳಿಯಲಿ ಎಂಬ ಲೆಕ್ಕ.

"ಯಾಕೆ ಸರ್, ಏನಾಯ್ತು?"

"ಮೊದಲನೇ ಫೋಟೋ, ಒಬ್ಬ ಹೆಂಗಸು ನಿಂತಿದ್ದಾಳೆ. ಎರಡನೇದು, ಇಬ್ಬರು ಗಂಡಸರು ನಿಂತಿದ್ದಾರೆ. ಮೂವತ್ತನೇದರಲ್ಲಿ ಕುದುರೆ. ಅದೂ ನಿಂತಿದೆ. ಪಾಪ, ಯಾರಾದ್ರೂ ಒಂದು ಕುರ್ಚಿ ಕೊಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಊರಿನ ಆರುನೂರ ಹನ್ನೆರಡು ಹಳೆಯ ಫೋಟೋಗಳನ್ನು ವೆಬ್‌ಸೈಟಿಗೆ ಏರಿಸುವ ಕೆಲಸ ಅವಳದು. ಪ್ರತಿ ಫೋಟೋದ ಬೆನ್ನಿಗೂ ವಿವರಣೆಗೆಂದು ಒಂದು ಖಾನೆ ಇರುತ್ತದೆ. ಅಲ್ಲಿ ಬರೆದದ್ದು ಕಣ್ಣಿದ್ದವರಿಗೆ ಕಾಣುವುದೇ ಇಲ್ಲ. ಕಣ್ಣಿಲ್ಲದವರಿಗೆ ಕಂಪ್ಯೂಟರು ಅದನ್ನೇ ಓದಿ ಹೇಳುತ್ತದೆ. ಯಾರು ಕೇಳುತ್ತಾರೆ ಬಿಡು ಎಂದು ಅವಳು ಆ ಖಾನೆಗಳನ್ನೆಲ್ಲ ಅರ್ಜಿ ತುಂಬಿದ ಹಾಗೆ ತುಂಬಿ ಕೈತೊಳೆದುಕೊಂಡಿದ್ದಳು. ಕೇಳುವವನು ಇಲ್ಲಿ ಬಂದು ಕೂತಿದ್ದ. ಸೈಟು ತೆರೆಯುವ ಮೊದಲು ಪರೀಕ್ಷೆ ಮಾಡಲೆಂದು ಕಣ್ಣು ಕಾಣದ ಪರೀಕ್ಷಕರ ಗುಂಪೊಂದರಿಂದ ಗ್ರಂಥಪಾಲಕಿಯೇ ಅವನನ್ನು ಕರೆಸಿದ್ದರು.

ಸಂಜೆ ಮನೆಗೆ ಹೋಗಿ ಅತ್ತಿಗೆಯ ಮುಂದೆ ಹರಿಹಾಯ್ದಳು. "ತಕರಾರು ಸಾಹೇಬ ಅತ್ತಿಗೆ ಅವನು! ಒಂದೇ ದಿನಕ್ಕೆ ನಲವತ್ತೊಂದು ತಕರಾರು, ನಂಬರ್ ಹಾಕಿ ಕಳಿಸಿದ್ದಾನೆ."

"ನೋಡೋಕೆ ಹೇಗಿದ್ದಾನೆ?"

"ನಾನೇನು ಹೇಳ್ತಿದ್ದೀನಿ, ನೀವೇನು ಕೇಳ್ತಿದ್ದೀರಿ!"

"ಹಾಗಾದ್ರೆ ಚೆನ್ನಾಗೇ ಇದ್ದಾನೆ," ಎಂದು ಅತ್ತಿಗೆ ಬಟ್ಟೆ ಮಡಚತೊಡಗಿದರು.

ಮಾರನೆಯ ದಿನ ಅವಳು ಮೊದಲನೇ ಫೋಟೋವನ್ನು ಮತ್ತೆ ತೆರೆದು ನೋಡಿದಳು. ಈ ಸಲ ನಿಜವಾಗಿಯೂ ನೋಡಿದಳು. ಆ ಹೆಂಗಸಿನ ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಬಾರು ಕಿತ್ತುಹೋಗಿತ್ತು. ಕ್ಯಾಮೆರಾ ಹಿಡಿದವನ ಮೇಲೆ ಸಿಟ್ಟು ಬಂದಿತ್ತು, ಆದರೆ ತುಟಿಯ ಕೊನೆಯಲ್ಲಿ ನಗು ಕದ್ದು ಕೂತಿತ್ತು. ಅಷ್ಟನ್ನೂ ಬರೆದು, ಉಸಿರು ಬಿಗಿಹಿಡಿದು ಅವನತ್ತ ನೋಡಿದಳು.

ಅವತ್ತು ಅವನು ಹೆಡ್‌ಫೋನ್ ತೆಗೆದಿಟ್ಟಿದ್ದ. ಕಂಪ್ಯೂಟರಿನ ದನಿ ಅರಳು ಹುರಿದ ಹಾಗೆ ಪಟಪಟನೆ ಓಡುತ್ತಿತ್ತು. ಅವಳಿಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಆ ಫೋಟೋ ಬರುತ್ತಲೇ ಅವನ ಬೆರಳು ಎರಡು ಕೀ ಒತ್ತಿತು, ದನಿ ನಿಧಾನವಾಯಿತು. ಚಪ್ಪಲಿ ಬಂತು, ಬಾರು ಬಂತು, ಕದ್ದು ಕೂತ ನಗು ಬಂತು.

"ಯಾಕೆ ನಿಧಾನ ಮಾಡಿದ್ರಿ?"

"ಓಡೋದು ಬಟನ್‌ಗಳಿಗೆ, ಫಾರ್ಮ್‌ಗಳಿಗೆ. ಇವರು ಮನುಷ್ಯರು." ಆಮೇಲೆ ತಲೆ ವಾಲಿಸಿ, "ಯಾರ ಮೇಲೆ ಸಿಟ್ಟು ಇವರಿಗೆ? ಗಂಡನ ಮೇಲಾ?" ಎಂದ.

"ಗಂಡ ಆಗ್ಬೇಕಾದವನ ಮೇಲೆ ಅನ್ಸುತ್ತೆ."

ಅಲ್ಲಿಂದ ದಿನಗಳು ಹಗುರವಾಗಿ ತೇಲಿಹೋದವು. ಅವಳು ಮಸುಕು ಅಕ್ಷರಗಳನ್ನು ಗಾಢ ಮಾಡಿದಳು, ಹೆಸರಿಲ್ಲದ ಬಟನ್‌ಗಳಿಗೆ ಹೆಸರು ಕೊಟ್ಟಳು, ಮೌಸ್ ಮುಟ್ಟದೆ ಇಡೀ ಸೈಟನ್ನು ಸುತ್ತಿ ಬರುವುದನ್ನು ಕಲಿತಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು, ಮೇಜಿನ ಮೇಲೆ ಮೆಲ್ಲಗೆ ಹರಿದು, ಅವನ ಕತ್ತಿನ ತನಕ ಏರುತ್ತಿತ್ತು. ನೋಡುತ್ತಿದ್ದೇನೆಂದು ಗೊತ್ತಾಗುವ ಭಯವೇ ಇಲ್ಲವಲ್ಲ! ಅವಳು ಕಣ್ಣು ತುಂಬ ನೋಡುತ್ತಿದ್ದಳು.

"ಟೈಪಿಂಗ್ ನಿಂತು ಎರಡು ನಿಮಿಷ ಆಯ್ತು," ಎಂದ ಒಂದು ದಿನ. "ಏನು ನೋಡ್ತಿದ್ದೀರಿ?"

"ಕಿಟಕಿ."

"ಕಿಟಕಿ ನಿಮ್ಮ ಎಡಕ್ಕಿದೆ. ಮಾತು ನೇರ ನನ್ನ ಕಡೆಗೆ ಬರ್ತಿದೆ."

ಅವಳ ಕಿವಿಯ ತುದಿ ಕೆಂಪಾಯಿತು. ಅದನ್ನಾದರೂ ಅವನು ಕೇಳಿಸಿಕೊಳ್ಳಲಾರ ಎಂದು ಸಮಾಧಾನ ಮಾಡಿಕೊಂಡಳು.

ಇನ್ನೊಂದು ದಿನ ತಾನಾಗಿಯೇ ಹೇಳಿದ. ಅವನ ಕಣ್ಣು ಹೋದದ್ದು ಒಂಬತ್ತನೇ ವಯಸ್ಸಿನಲ್ಲಿ. ಕೊನೆಯ ಸಲ ಕನ್ನಡಿಯಲ್ಲಿ ಕಂಡದ್ದು ಮುಂದಿನ ಹಲ್ಲು ಬಿದ್ದ ಒಬ್ಬ ಪೋರ.

"ಈಗ ಮೂವತ್ನಾಲ್ಕು. ಹೇಗಿದ್ದೀನಿ ಅಂತ ಯಾರನ್ನ ಕೇಳಿದ್ರೂ 'ಚೆನ್ನಾಗಿದ್ದೀಯಪ್ಪ' ಅಂತಾರೆ. ಅದು ನಿಮ್ಮ 'ನಿಂತಿದ್ದಾನೆ' ಇದ್ದ ಹಾಗೆ. ಸುಳ್ಳಲ್ಲ, ಆದ್ರೆ ಏನೂ ಗೊತ್ತಾಗಲ್ಲ." ನಕ್ಕ. "ನನ್ನ ಮುಖ ಒಂದನ್ನ ಬಿಟ್ಟು ನಿಮ್ಮ ಊರಿನ ಎಲ್ಲರ ಮುಖಾನೂ ಗೊತ್ತಾಯ್ತು ನಂಗೆ."

ಆ ಮಾತು ಅವಳ ಎದೆಯೊಳಗೆ ಹೊಕ್ಕು ಕೂತಿತು. ಹೇಳಿಬಿಡಲೇ? ಹೇಳಿದರೆ ಕನಿಕರ ಎಂದುಕೊಂಡಾನು. ಕನಿಕರವೆಂದರೆ ಅವನಿಗೆ ಆಗದು. ರಸ್ತೆ ದಾಟಿಸಲು ಬಂದವರನ್ನು 'ನೀವೇ ಹುಷಾರಾಗಿ ದಾಟಿ' ಎಂದು ಕಳಿಸುವ ಪೈಕಿ ಅವನು. ಸೋಮವಾರ ಸೈಟು ತೆರೆಯುತ್ತದೆ. ಅಲ್ಲಿಗೆ ಅವನ ದಾರಿ ಅವನಿಗೆ, ಅವಳ ದಾರಿ ಅವಳಿಗೆ.

ಉಳಿದದ್ದು 'ನಮ್ಮ ತಂಡ' ಎಂಬ ಒಂದು ಪುಟ, ನಾಲ್ಕು ಜನರ ಫೋಟೋ. ಮೂರನೆಯದು ಅವನದು. ಊಟದ ನಂತರದ ಜೊಂಪು ಹತ್ತಿಸುವ ಹೊತ್ತು, ಮಹಡಿಯಲ್ಲಿ ಯಾರೂ ಇರಲಿಲ್ಲ. ವಿವರಣೆಯ ಖಾನೆ ಖಾಲಿ ಇತ್ತು, ಅವಳ ಮನಸ್ಸು ತುಂಬಿತ್ತು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಬರೆದವು. ಬರೆದು, ಓದಿ, ತನಗೇ ನಾಚಿಕೆಯಾಗಿ, ಇದನ್ನು ಅಳಿಸಿ ಮರ್ಯಾದೆಯದ್ದೊಂದು ಹಾಕೋಣ ಎಂದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಗ್ರಂಥಪಾಲಕಿ ಕೂಗಿದರು: "ಏನಮ್ಮಾ, ನನ್ನ ಫೋಟೋದಲ್ಲಿ ಅರ್ಧ ತಲೆನೇ ಇಲ್ವಲ್ಲೇ!" ಅವಳು ಗಡಬಡಿಸಿ ಆ ತಲೆ ಸರಿಮಾಡಿ, ಪುಟ ಉಳಿಸಿ, ಪರೀಕ್ಷಕರಿಗೆ ಕಳಿಸಿಯೇಬಿಟ್ಟಳು.

ಗ್ರಂಥಪಾಲಕಿ ಆ ಪುಟವನ್ನು ಮೂರು ಸಲ ನೋಡಿ ಚೆಂದವಿದೆ ಎಂದರು. ಕಣ್ಣಿಗೆ ಕಾಣುವ ತಪ್ಪು ಅದರಲ್ಲಿ ಒಂದೂ ಇರಲಿಲ್ಲ.

ಮರುದಿನ ಅವನು ಬಂದವನೇ ಬಾಗಿಲು ಮುಚ್ಚಿದ. "ತಕರಾರು ನಂಬರ್ ಇನ್ನೂರ ಹದಿನಾಲ್ಕು. ತಂಡದ ಪುಟ, ಮೂರನೇ ಫೋಟೋ."

"ಅಯ್ಯೋ! ಅದು... ಯಾರ್‍ಯಾರು ಕೇಳಿದ್ರು?"

"ನಮ್ಮ ಪರೀಕ್ಷಕರ ಗುಂಪಿನ ಹದಿನೆಂಟು ಜನ. ಒಬ್ಬ ಅದನ್ನ ರಿಂಗ್‌ಟೋನ್ ಮಾಡ್ಕೊಂಡಿದ್ದಾನೆ."

ಹೆಡ್‌ಫೋನಿನ ತಂತಿ ಕಿತ್ತು, ದನಿಯನ್ನು ಕೋಣೆಗೆ ಬಿಟ್ಟ. ಕಂಪ್ಯೂಟರು ಯಾವ ನಾಚಿಕೆಯೂ ಇಲ್ಲದೆ ಓದಿತು:

"ಮೂಗು ಸ್ವಲ್ಪ ಎಡಕ್ಕೆ ವಾಲಿದೆ, ಯಾವಾಗಲೋ ಬಾಗಿಲಿಗೆ ಬಡಿದಿರಬೇಕು. ಕೂದಲು ಬಾಚಿದರೂ ಬಾಚಿದ ಹಾಗಿಲ್ಲ. ನಗು ಮೊದಲು ಬಲಗೆನ್ನೆಗೆ ಬರುತ್ತದೆ, ಎಡಗೆನ್ನೆ ಅಪ್ಪಣೆಗೆ ಕಾಯುತ್ತದೆ. ಕೇಳುವಾಗ ತಲೆ ವಾಲಿಸುತ್ತಾನೆ. ಆಗ ಕಿಟಕಿಯ ಬೆಳಕು ಬಂದು ಕತ್ತಿನ ಮೇಲೆ ಕೂರುತ್ತದೆ. ನನಗೆ ಆ ಬೆಳಕಿನ ಮೇಲೆ ಹೊಟ್ಟೆಕಿಚ್ಚು."

'ಬಟನ್' ಎನ್ನುವ ಅದೇ ದನಿಯಲ್ಲಿ 'ಹೊಟ್ಟೆಕಿಚ್ಚು' ಎಂದಿತು. ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

"ಈಗಲೇ ತೆಗೆದುಬಿಡ್ತೀನಿ ಸರ್. ತಪ್ಪಾಯ್ತು."

"ತೆಗೀರಿ, ಆಮೇಲೆ. ಮೊದಲು ಒಂದು ಹೇಳಿ." ಅವನ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ದನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. "ರಾತ್ರಿಯಿಂದ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಇದು ನಿಜವಾ? ಇಲ್ಲಾ ಅವತ್ತು ನಾನು ಹೇಳಿದ್ದಕ್ಕೆ ಪಾಪ ಅನ್ಸಿ ಬರೆದಿದ್ದಾ?"

ಬರಿಯ 'ನಿಜ' ಎಂದರೆ ಸಾಲದು ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತೈದು ವರ್ಷಗಳಿಂದ ಎಲ್ಲರೂ ಅವನಿಗೆ ನಿಜವನ್ನೇ ಹೇಳಿದ್ದರು.

"ಪಾಪ ಅನ್ಸಿದ್ರೆ," ಎಂದಳು, "ಮೂಗು ನೆಟ್ಟಗೆ ಬರೀತಿದ್ದೆ."

ಅವನ ಬಲಗೆನ್ನೆ ಅರಳಿತು. ಎಡಗೆನ್ನೆ ಈ ಸಲ ಯಾರಿಗೂ ಕಾಯಲಿಲ್ಲ.

"ಬಾಗಿಲಲ್ಲ, ನಮ್ಮಕ್ಕನ ಮೊಣಕೈ. ನಂಗಾಗ ಐದು ವರ್ಷ."

"ತಿದ್ತೀನಿ."

"ಹೊಟ್ಟೆಕಿಚ್ಚು?"

"ಅದನ್ನ ತಿದ್ದಲ್ಲ."

ಅವನು ಕುರ್ಚಿ ಎಳೆದು ಕೂತ. "ನಾನೂ ಒಂದು ಹೇಳ್ಬೇಕು. ನಿಮ್ಮ ಸೈಟಲ್ಲಿ ಹತ್ತು ದಿನದಿಂದ ತಪ್ಪೇ ಇಲ್ಲ. ಕೊನೇ ಹದಿಮೂರು ತಕರಾರು ನಾನೇ ಹುಟ್ಟಿಸಿದ್ದು."

"ಅಂದ್ರೆ ಆ ಕುದುರೆ ಬಾಲ ಎಡಕ್ಕಾ ಬಲಕ್ಕಾ ಅಂತ ಅರ್ಧ ದಿನ ನನ್ನ ಕೂರಿಸಿದ್ದು..."

"ಕುದುರೆ ಬಾಲ ಕಟ್ಕೊಂಡು ನಂಗೇನಾಗ್ಬೇಕು, ಹೇಳಿ? ಪರೀಕ್ಷೆ ಮುಗೀತು ಅಂದ್ರೆ ಇಲ್ಲಿಗೆ ಬರೋಕೆ ನಂಗೆ ಬೇರೆ ನೆಪ ಇರ್ಲಿಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಬರಹವನ್ನು ಅಳಿಸಿ, 'ಪರೀಕ್ಷಕ, ಹೆಡ್‌ಫೋನ್ ಹಾಕಿಕೊಂಡು ನಗುತ್ತಿದ್ದಾರೆ' ಎಂದು ಊರಿಗೆಲ್ಲ ಸಲ್ಲುವಂಥದ್ದನ್ನು ಹಾಕಿದಳು. ಅವನು ಕೇಳಿ, ಪಾಸು ಎಂದ.

ಇಬ್ಬರೂ ಹೊರಟರು. ಮೆಟ್ಟಿಲ ತುದಿಗೆ ಬಂದಾಗ ಅವನು ಕೈ ಚಾಚಿದ. "ನಿಮ್ಮ ತೋಳು ಹಿಡ್ಕೊಳ್ಲಾ?"

"ದಾರಿ ಗೊತ್ತಿಲ್ವಾ?"

"ಇಪ್ಪತ್ತೆರಡು ಮೆಟ್ಟಿಲು, ಮಧ್ಯೆ ಒಂದು ತಿರುವು, ಕೆಳಗೆ ಎಡಕ್ಕೆ ಬಾಗಿಲು. ದಿನಾ ಎಣಿಸ್ಕೊಂಡೇ ಇಳೀತೀನಿ."

ಅವಳ ಮೊಣಕೈಯ ಮೇಲೆ ಅವನ ಬೆರಳು ಬಂದು ಕೂತಿತು, ಹಕ್ಕಿ ಕೂತಷ್ಟು ಹಗುರ. ದಡದಡನೆ ಇಳಿಯುವ ಅಭ್ಯಾಸದ ಅವಳು ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಗ್ರಂಥಪಾಲಕಿ ಲೆಕ್ಕದ ನೆಪದಲ್ಲಿ ಪುಸ್ತಕಗಳನ್ನು ಎತ್ತಿ ಎತ್ತಿ ಇಡುತ್ತಿದ್ದರು.

"ಈಗ ಎಲ್ಲಿದ್ದೀವಿ?" ಎಂದ ಅವನು.

"ನೀವೇ ಎಣಿಸ್ತಿದ್ರಲ್ಲ!"

"ತಪ್ಪಿಹೋಯ್ತು."

"ಇನ್ನು ಎರಡೇ ಇರೋದು."

"ಬರೀ ಎರಡಾ?"

ಅವಳು ನಿಂತಳು. "ಬೇಕಾದ್ರೆ ಮೇಲಿಂದ ಇನ್ನೊಂದು ಸಲ ಎಣಿಸಬಹುದು."

ಅವಳ ಮಾತು ಮುಗಿಯುವ ಮೊದಲೇ ಅವನು ಮೇಲಕ್ಕೆ ತಿರುಗಿಯಾಗಿತ್ತು.