ಅಮಾವಾಸ್ಯೆಯ ನಿಂಬೆಹಣ್ಣು

ತಿಪಟೂರಿನ ಶೋರೂಮಿನಲ್ಲಿ ಹತ್ತು ಜನರ ಎದುರು ನಾನು ತಿಮ್ಮರಾಜುವನ್ನು ಬೈದದ್ದು ನೆನಪಾದರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

"ಮೆಕ್ಯಾನಿಕ್ಕಾ ನೀವು? ಒಂದು ಪೈಪ್ ನೆಟ್ಟಗೆ ಬಿಗಿಯೋಕೆ ಬರಲ್ಲ. ಹೊಸ ಗಾಡಿ ಕಣ್ರೀ. ತಂದು ಎರಡು ತಿಂಗಳಾಗಿಲ್ಲ, ಎಂಜಿನ್ ಸೀಜಾಗಿ ಹಿಡ್ಕೊಂಡುಬಿಟ್ಟಿದೆ."

ಅವನು ಹಳೆ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾ ನಿಂತಿದ್ದ. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಗಾಡಿ ಎಂದರೆ ಎಟಿವಿ. ನಮ್ಮ ಹೊನ್ನವಳ್ಳಿಯಲ್ಲಿ ನಾಲ್ಕು ಚಕ್ರದ ಬೈಕು ಅನ್ನುತ್ತಾರೆ. ಟ್ರ್ಯಾಕ್ಟರ್ ತಿರುಗದ ತೆಂಗಿನ ಸಾಲುಗಳಲ್ಲಿ ಪುಟ್ಟ ಟ್ರೈಲರ್ ಎಳೆದುಕೊಂಡು ಕಾಯಿ ತರುತ್ತದೆ. ಅಪ್ಪ ಹುಚ್ಚಣ್ಣನಿಗೆ ಅದು ಬೇಡವಾಗಿತ್ತು. ತೋಟ ನಾನು ನೋಡಿಕೊಳ್ಳುತ್ತೇನೆ, ಗಾಡಿ ಕೊಡಿಸಿ ಎಂದು ಒಂದು ವರ್ಷ ಅವರ ತಲೆ ತಿಂದಿದ್ದೆ.

ಎಂಜಿನ್ ಕೆಟ್ಟ ದಿನ ಕಾಯಿ ತುಂಬಿಕೊಂಡು ಬದು ಹತ್ತುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕಟಕಟ ಎಂದು ನಿಂತೇಬಿಟ್ಟಿತು. ಹಿಂದೆ ತಿರುಗಿ ನೋಡಿದರೆ ಒಣಗಿದ ಗರಿಗಳ ಮೇಲೆ ಉದ್ದಕ್ಕೂ ಆಯಿಲ್ ಚೆಲ್ಲಿತ್ತು.

"ನಾಳಿಂದ ನೀನು ತೋಟಕ್ಕೆ ಬರ್ಬ್ಯಾಡ ಕಣವ್ವ," ಅಂದರು ಅಪ್ಪ. "ನಾನೇ ನೋಡ್ಕತೀನಿ."

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ತಿಮ್ಮರಾಜುವಿನ ಮೇಲೆ ಸುರಿದಿದ್ದೆ. ಮೊದಲ ಸರ್ವಿಸ್ ಮಾಡಿದ್ದು ಅವನೇ. ಅವನ ತಪ್ಪಾದರೆ ವಾರಂಟಿಯಲ್ಲಿ ಎಂಜಿನ್ ರಿಪೇರಿಯಾಗುತ್ತದೆ, ಅಪ್ಪನ ಎದುರು ನನ್ನ ಮಾತೂ ಉಳಿಯುತ್ತದೆ ಎಂಬ ಲೆಕ್ಕ ನನ್ನದು.

ಮೂರು ದಿನ ಬಿಟ್ಟು, ಎಂಜಿನ್ ಬಿಚ್ಚಿದ್ದಾರೆ ಎಂದು ತಿಳಿದು ಹೋದೆ. ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ.

"ಬನ್ನಿ. ಇವತ್ತು ಎಷ್ಟೊತ್ತು ಬೈತೀರಾ? ಹೇಳಿದ್ರೆ ಮೊದ್ಲೇ ಟೀ ತರಿಸ್ತೀನಿ."

ನಗು ಬಂತು, ತುಟಿ ಕಚ್ಚಿ ತಡೆದುಕೊಂಡೆ. ಅವನು ಅದನ್ನೂ ನೋಡಿಬಿಟ್ಟ. ನೋಡಿಲ್ಲ ಎಂಬಂತೆ ಬಗ್ಗಿ ಪಿಸ್ಟನ್ ಎತ್ತಿ ನನ್ನ ಕೈಗಿಟ್ಟ. ಅದರ ಮೈತುಂಬ ಬೆಕ್ಕು ಪರಚಿದ ಹಾಗೆ ಗೀರುಗಳು.

"ಆಯಿಲ್ ಇಲ್ದೆ ಓಡಿದೆ. ಮುಂದ್ಗಡೆ ಆಯಿಲ್ ತಣ್ಣಗೆ ಮಾಡೋ ಕೂಲರಿಗೆ ಹೋಗೋ ಪೈಪ್ ಸವೆದು ತೂತಾಗಿದೆ."

"ಯಾಕೆ ಸವೀತು?"

"ಗೊತ್ತಿಲ್ಲ." ಮುಖ ಆಚೆ ತಿರುಗಿಸಿಕೊಂಡೇ ಅಂದ.

ಬೆಂಚಿನ ಮೇಲಿದ್ದ ಬಟ್ಟೆಯ ಅಡಿಯಿಂದ ತಂತಿಯ ತುದಿ ಕಾಣುತ್ತಿತ್ತು. ಎಳೆದೆ. ಒಣಗಿದ ನಿಂಬೆಹಣ್ಣು, ಎರಡು ಮೆಣಸಿನಕಾಯಿ.

ಗಾಡಿಗೆ ದೃಷ್ಟಿಯಾಗಬಾರದು ಎಂದು, ಸರ್ವಿಸ್ ಆದ ಮೇಲೆ ಬಂದ ಅಮಾವಾಸ್ಯೆಯ ದಿನ ಅಮ್ಮ ಕೊಟ್ಟದ್ದು ಅದು. ದಾರವಾದರೆ ಕಿತ್ತುಹೋಗುತ್ತದೆ ಎಂದು ಬೇಲಿಯ ತಂತಿ ತಂದು, ಮುಂದೆ ಬಗ್ಗಿ, ಕೈಗೆ ಸಿಕ್ಕ ಕರಿ ಪೈಪಿಗೆ ಬಿಗಿಯಾಗಿ ಸುತ್ತಿದ್ದವಳು ನಾನೇ. ಬದು ಹತ್ತಿಳಿದಾಗಲೆಲ್ಲ ಆ ತಂತಿ ರಬ್ಬರನ್ನು ಕೊಯ್ಯುತ್ತಾ ಬಂದಿತ್ತು.

ಹತ್ತು ಜನರ ಎದುರು ನಾನು ಆಡಿದ ಒಂದೊಂದು ಮಾತೂ ನೆನಪಿಗೆ ಬಂತು.

"ಯಾಕೆ ಬಚ್ಚಿಟ್ರಿ?"

"ಹೋಗ್ಲಿ ಬುಡಿ. ಇದು ಹೊರಗೆ ಬಂದ್ರೆ ವಾರಂಟಿ ಸಿಗಲ್ಲ. ನಿಮ್ಮಪ್ಪಾರು ನಿನ್ನೆ ಬಂದಿದ್ರು, ನಿಮ್ಮನ್ನ ಇನ್ನು ತೋಟಕ್ಕೆ ಬಿಡಲ್ಲ ಅಂತಿದ್ರು."

ಅಷ್ಟರಲ್ಲಿ ಶೋರೂಮಿನ ಯಜಮಾನ ಶ್ರೀರಂಗಯ್ಯ ಒಳಗೆ ಬಂದರು. ಹಿಂದೆ ಇಬ್ಬರು ಗಿರಾಕಿಗಳು.

"ಬಂದ್ರಾ ತಾಯಿ? ಸೋಮವಾರದಿಂದ ಬರಬೇಡ ಅಂತ ಇವನಿಗೆ ಹೇಳಿದ್ದೀನಿ. ಸಮಾಧಾನ ಆಯ್ತಾ?"

ನಿಂಬೆಹಣ್ಣು ನನ್ನ ಮುಷ್ಟಿಯಲ್ಲಿತ್ತು. ತಿಮ್ಮರಾಜು ಕಣ್ಣಲ್ಲೇ ಬೇಡ ಎಂದ. ಬ್ಯಾಗಿಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೇ ಮಾಡಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಹೇಳಿಕೊಳ್ಳಲು ನಾಚಿಕೆ, ಆದರೆ ಅನ್ನಿಸಿದ್ದು ನಿಜ.

ಮುಷ್ಟಿ ಬಿಚ್ಚಿದೆ. "ಇದನ್ನ ಪೈಪಿಗೆ ಕಟ್ಟಿದ್ದು ನಾನು. ಅವರ ತಪ್ಪೇನೂ ಇಲ್ಲ."

ಶ್ರೀರಂಗಯ್ಯ ಕನ್ನಡಕ ಸರಿಮಾಡಿಕೊಂಡರು. "ಅಲ್ಲಿ ಏನೂ ಕಟ್ಟಬೇಡಿ ಅಂತ ಡೆಲಿವರಿ ದಿನ ಇವನು ಹೇಳ್ಬೇಕಲ್ಲ. ಹೇಳ್ಲಿಲ್ವಾ?"

"ಹೇಳಿದ್ರು. ಪೈಪ್ ಮುಟ್ಟಿ ತೋರಿಸಿ ಏನೇನೋ ಹೇಳಿದ್ರು."

"ಮತ್ಯಾಕಮ್ಮ ಕಟ್ಟಿದ್ರಿ?"

ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಅವನ ಎದುರು ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

"ನನ್ನ ತಲೆಗೆ ಒಂದೂ ಹೋಗಿರಲಿಲ್ಲ," ಎಂದೆ. "ಅವರು ಹೇಳ್ತಾ ಇದ್ರು. ನಾನು ಅವರ ಮುಖ ನೋಡ್ತಾ ಇದ್ದೆ."

ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ನಾನು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಗೆ ನಡೆದೆ.

ಬಸ್ ಸ್ಟಾಪಿನಲ್ಲಿ ಅವನು ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ನಿಂತ. ನಾನು ರಸ್ತೆ ನೋಡುತ್ತಲೇ ಇದ್ದೆ.

"ಯಜಮಾನ್ರು ನಕ್ಕು ನಕ್ಕು ಸಾಕಾಗಿ, ಸೋಮವಾರ ಬಾರಪ್ಪ ಅಂದ್ರು."

"ಒಳ್ಳೇದಾಯ್ತು. ಅಪ್ಪನಿಗೂ ನಾನೇ ಹೇಳ್ತೀನಿ. ತೋಟ ತಪ್ಪಿಹೋದ್ರೆ ಹೋಗ್ಲಿ." ಬಗ್ಗಿ ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡೆ. "ಅವತ್ತು ಅಷ್ಟು ಜನರ ಮುಂದೆ ಹಂಗೆಲ್ಲ ಅನ್ನಬಾರದಿತ್ತು. ಕ್ಷಮಿಸ್ರೀ."

"ನಂದೂ ತಪ್ಪಿದೆ."

"ನಿಮ್ದೇನು?"

ತಿರುಗಿ ನೋಡಿದೆ. ಅವನ ಕಿವಿ ಕೆಂಪಾಗಿತ್ತು.

"ಡೆಲಿವರಿ ದಿನ ನೀವು ಕೇಳಿಸ್ಕೊಳ್ತಿಲ್ಲ ಅಂತ ನಂಗೆ ಗೊತ್ತಾಯ್ತು. ಇನ್ನೊಂದ್ ಸಲ ಹೇಳ್ಬೇಕಿತ್ತು." ನೆಲ ನೋಡಿದ. "ಹೇಳಿದ್ರೆ ನೀವು ನನ್ನ ಬಿಟ್ಟು ಪೈಪ್ ನೋಡ್ತಿದ್ರಿ. ಅದಕ್ಕೇ ಹೇಳ್ಲಿಲ್ಲ."

ಹೊನ್ನವಳ್ಳಿ ಬಸ್ಸು ಬಂತು.

"ನಡೀರಿ," ಅಂದ. "ನಿಮ್ಮಪ್ಪಾರ ಹತ್ರ ಇಬ್ಬರೂ ಹೇಳೋಣ."

"ಎಲ್ಲಾನೂನಾ?"

"ಎಲ್ಲಾನೂ," ಎಂದು ಅವನೇ ಮೊದಲು ಹತ್ತಿ, ನನಗೂ ಸೀಟು ಹಿಡಿದ.